ನಮ್ಮ ಕೈಲಿರುವ ಫೋನಿನಲ್ಲಿ ಒಮ್ಮೆ ಆಡಿ ನೋಡಿ: ಗೇಮ್ ತಯಾರಕರಿಗೆ ತುಮಕೂರಿನಿಂದ ಒಂದು ಬಹಿರಂಗ ಪತ್ರ

ಗೇಮ್ ತಯಾರಿಸುವ ಎಲ್ಲ ಸ್ಟುಡಿಯೋಗಳವರಿಗೆ, ಅದರಲ್ಲೂ ಬೆಂಗಳೂರಿನಲ್ಲೇ ಕೂತು ಕೆಲಸ ಮಾಡುತ್ತಿರುವವರಿಗೆ,

ನಮಸ್ಕಾರ.

ತುಮಕೂರಿನ ಬಿ.ಎಚ್. ರಸ್ತೆಯಿಂದ ಸ್ವಲ್ಪ ಒಳಗೆ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ ಇದೆ. ಕಾಲೇಜಿನ ಹುಡುಗ ಹುಡುಗಿಯರು, ಆಟೋ ಓಡಿಸುವವರು, ವಸಂತನರಸಾಪುರದ ಕಾರ್ಖಾನೆಗಳಲ್ಲಿ ಶಿಫ್ಟ್ ಮುಗಿಸಿ ಬರುವವರು, ಗುಬ್ಬಿ, ಕೊರಟಗೆರೆ ಕಡೆಯಿಂದ ಪೇಟೆ ಕೆಲಸಕ್ಕೆ ಬಂದವರು ಇಲ್ಲಿಗೆ ಫೋನ್ ತರುತ್ತಾರೆ. ಡಿಸ್‌ಪ್ಲೇ ಒಡೆದದ್ದು, ಬ್ಯಾಟರಿ ಊದಿದ್ದು, 'ಸ್ಟೋರೇಜ್ ಫುಲ್' ಅಂತ ನಿಂತುಹೋದದ್ದು. ತೆರೆದು ನೋಡಿದರೆ ನಿಮ್ಮ ಯಾವುದಾದರೊಂದು ಗೇಮ್ ಅದರಲ್ಲಿ ಇದ್ದೇ ಇರುತ್ತದೆ. ನಾನೂ ಆಡುವವನೇ. ಅಂಗಡಿ ಬಾಗಿಲು ಹಾಕಿದ ಮೇಲೆ ಗೆಳೆಯರ ಸ್ಕ್ವಾಡ್ ಸೇರಿ ಒಂದೆರಡು ಮ್ಯಾಚ್ ಆಡುವುದು ನನಗೆ ದಿನದ ಒಳ್ಳೆಯ ಹೊತ್ತು. ಗೇಮ್ ಎಂದರೆ ಹಾಳು ಚಟ ಎನ್ನುವವರ ಪೈಕಿ ನಾನಲ್ಲ. ನೀವು ಮಾಡುವ ಕೆಲಸದ ಮೇಲೆ ನನಗೆ ಗೌರವವಿದೆ, ಆ ಗೌರವದಿಂದಲೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಕೇಳಬೇಕಾದ್ದು ಒಂದೇ. ಹೊಸ ಸೀಸನ್, ಆಟ ನಡೆಯುವ ಹೊಸ ಮ್ಯಾಪ್, ಪಾತ್ರಕ್ಕೆ ತೊಡಿಸುವ ಹೊಸ ಸ್ಕಿನ್ ಬಿಡುವ ಮೊದಲು, ಈಗಾಗಲೇ ಇರುವ ಆಟ ನಮ್ಮ ಕೈಲಿರುವ ಫೋನಿನಲ್ಲಿ, ನಮಗೆ ಸಿಗುವ ನೆಟ್‌ನಲ್ಲಿ, ನಮಗೆ ಗೊತ್ತಿರುವ ಭಾಷೆಯಲ್ಲಿ ನೆಟ್ಟಗೆ ನಡೆಯುವಂತೆ ಮಾಡಿ. ಮಿಕ್ಕದ್ದೆಲ್ಲ ಆಮೇಲೆ.

ಮೊದಲು ಜಾಗದ ವಿಷಯ. ನನ್ನ ಮೇಜಿನ ಮೇಲೆ ಬರುವ ಫೋನುಗಳಲ್ಲಿ 64 ಜಿಬಿಯವು ಇನ್ನೂ ಸಾಕಷ್ಟಿವೆ. ಅದರಲ್ಲಿ ಆಂಡ್ರಾಯ್ಡ್ ತನ್ನ ಪಾಲು ತಿನ್ನುತ್ತದೆ, ವಾಟ್ಸಾಪ್‌ನ ಫೋಟೋ ವಿಡಿಯೋಗಳು ತಮ್ಮ ಪಾಲು ತಿನ್ನುತ್ತವೆ. ಮನೆಯವರ ಫೋಟೋ, ಬ್ಯಾಂಕ್ ಆಪ್, ಕ್ಲಾಸಿನ ಪಿಡಿಎಫ್ ಎಲ್ಲ ಸೇರಿ ಉಳಿಯುವುದು ಚೂರುಪಾರು. ಅಂಥ ಫೋನಿಗೆ ನೀವು ಸೀಸನ್ ಬದಲಾದಾಗಲೆಲ್ಲ ಒಂದೂವರೆ ಎರಡು ಜಿಬಿ ಅಪ್‌ಡೇಟ್ ಕಳಿಸುತ್ತೀರಿ. ನಮ್ಮಲ್ಲಿ ಬಹಳ ಜನ ಹಾಕಿಸುವುದು ದಿನಕ್ಕೆ ಒಂದೂವರೆ ಅಥವಾ ಎರಡು ಜಿಬಿಯ ಪ್ಯಾಕ್. ಅಪ್‌ಡೇಟ್ ಬಂದ ದಿನ ಅವರ ಇಡೀ ದಿನದ ನೆಟ್ ಅದಕ್ಕೇ ಹೋಯಿತು ಅಂತ ಲೆಕ್ಕ. ಡೌನ್‌ಲೋಡ್ ನಡುವೆ ನಿಂತು ಮತ್ತೆ ಮೊದಲಿಂದ ಶುರುವಾದರೆ ನಾಳೆಯ ನೆಟ್ಟೂ ಹೋಯಿತು. ನಡುವೆ ನಿಂತದ್ದು ನಿಂತಲ್ಲಿಂದಲೇ ಮುಂದುವರಿಯಬೇಕು. ಇದನ್ನು ಕೇಳಬೇಕಾಗಿ ಬಂದಿರುವುದೇ ಬೇಸರದ ಸಂಗತಿ, ಯಾಕೆಂದರೆ ಈ ತಂತ್ರ ಹೊಸದೇನಲ್ಲ.

'ಗ್ರಾಫಿಕ್ಸ್ ಬೆಳೆದಂತೆ ಸೈಜ್ ಬೆಳೆಯುತ್ತದೆ, ಏನೂ ಮಾಡಲಾಗದು' ಎಂದು ನಿಮ್ಮವರು ಹೇಳುವುದನ್ನು ಕೇಳಿದ್ದೇನೆ. ಹೆಲ್‌ಡೈವರ್ಸ್ 2 ಗೇಮಿನವರು ಏನು ಮಾಡಿದರು ನೋಡಿ. ಅದರ ಪಿಸಿ ಆವೃತ್ತಿ ಸುಮಾರು 154 ಜಿಬಿ ಇತ್ತು. ಹಳೆಯ ಕಾಲದ, ತಿರುಗುವ ಹಾರ್ಡ್ ಡಿಸ್ಕ್‌ಗಳಲ್ಲಿ ಬೇಗ ಲೋಡ್ ಆಗಲಿ ಎಂದು ಒಂದೇ ಫೈಲಿನ ಹಲವು ಪ್ರತಿಗಳನ್ನು ಬೇರೆ ಬೇರೆ ಕಡೆ ಇಟ್ಟಿದ್ದರು. ಆಟಗಾರರು ಪದೇಪದೇ ಕೇಳಿದ ಮೇಲೆ ಅಳೆದು ನೋಡಿದರು. ಆ ಪ್ರತಿಗಳಿಂದ ಆಗುತ್ತಿದ್ದ ಲಾಭ ಕೆಲವೇ ಸೆಕೆಂಡುಗಳದ್ದು ಎಂದು ಗೊತ್ತಾಯಿತು. 2025ರ ಡಿಸೆಂಬರಿನಲ್ಲಿ ಸುಮಾರು 23 ಜಿಬಿಯ ಆವೃತ್ತಿಯನ್ನೇ ಕೊಟ್ಟರು. ಅದೇ ಗೇಮು, ಅದೇ ಚಿತ್ರ, 130 ಜಿಬಿಯಷ್ಟು ಜಾಗ ಉಳಿಯಿತು. ಅಳೆದು ನೋಡುವ ಮನಸ್ಸು ಬಂದದ್ದರಿಂದ ಆದ ಕೆಲಸ ಅದು.

ಮೊಬೈಲಿಗೂ ದಾರಿಗಳಿವೆ. ಪ್ಲೇ ಸ್ಟೋರ್‌ನಲ್ಲಿ 2021ರ ಆಗಸ್ಟ್‌ನಿಂದ ಹೊಸ ಆಪ್‌ಗಳು ಬಂಡಲ್ ರೂಪದಲ್ಲೇ, ಅಂದರೆ ಫೋನಿಗೆ ತಕ್ಕ ಭಾಗವನ್ನಷ್ಟೇ ಬೇರ್ಪಡಿಸಿ ಕಳಿಸಬಹುದಾದ ಕಟ್ಟಿನಲ್ಲೇ, ಬರಬೇಕು ಎಂದಾಗಿದೆ. ಯಾವ ಫೋನಿಗೆ, ವಸ್ತುಗಳ ಮೇಲೆ ಹೊದಿಸುವ ಯಾವ ಬಗೆಯ ಟೆಕ್ಸ್‌ಚರ್ ಬೇಕೋ ಅದನ್ನಷ್ಟೇ ಕಳಿಸುವ ಏರ್ಪಾಡು ಅಲ್ಲಿದೆ. ನಾನು ಎಂದೂ ಆಡದ ಮ್ಯಾಪುಗಳನ್ನು, ಎಂದೂ ಕೇಳದ ಐದಾರು ಭಾಷೆಗಳ ದನಿಗಳನ್ನು ನನ್ನ ಫೋನಿಗೆ ತುಂಬಬೇಡಿ. ಯಾವ ಭಾಗ ಎಷ್ಟು ಎಂಬಿ ಎಂದು ತೋರಿಸಿ, ಬೇಕಾದ್ದನ್ನು ನಾವು ಆರಿಸಿಕೊಳ್ಳುತ್ತೇವೆ, ಬೇಡವಾದಾಗ ಅಳಿಸುತ್ತೇವೆ. ಕೆಲವು ಗೇಮುಗಳಲ್ಲಿ ಈ ಅನುಕೂಲ ಈಗಾಗಲೇ ಇದೆ. ಎಲ್ಲದರಲ್ಲೂ ಇರಲಿ ಎನ್ನುವುದು ನನ್ನ ಬೇಡಿಕೆ.

ಇನ್ನು ಬಿಸಿ. ಇದು ನನ್ನ ಕಸುಬಿನ ಮಾತು, ಸ್ವಲ್ಪ ಹೆಚ್ಚು ಹೊತ್ತು ಕೇಳಿಸಿಕೊಳ್ಳಿ. ಸೆಕೆಂಡಿಗೆ 60 ಫ್ರೇಮ್ ಎಂದರೆ ಫೋನು ಒಂದೊಂದು ಚಿತ್ರವನ್ನು 16.6 ಮಿಲಿಸೆಕೆಂಡಿನೊಳಗೆ ಬಿಡಿಸಿ ಮುಗಿಸಬೇಕು. 30 ಫ್ರೇಮ್ ಆದರೆ 33.3 ಮಿಲಿಸೆಕೆಂಡು ಸಿಗುತ್ತದೆ, ಪ್ರೊಸೆಸರ್‌ಗೆ ಉಸಿರಾಡಲು ಬಿಡುವಾಗುತ್ತದೆ. ಸಾಧಾರಣ ಫೋನಿನಲ್ಲಿ ಹದಿನೈದು ಇಪ್ಪತ್ತು ನಿಮಿಷ 60ರಲ್ಲಿ ಆಡಿದರೆ ಚಿಪ್ ಬಿಸಿಯಾಗುತ್ತದೆ, ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ಆಟಗಾರ 'ಲ್ಯಾಗ್' ಅಂತ ಬಯ್ಯುವುದು ಎಷ್ಟೋ ಸಲ ನೆಟ್ಟಿನ ಲ್ಯಾಗ್ ಅಲ್ಲ, ಫೋನು ಕಾದು ನಿಧಾನವಾಗಿರುವುದು. ಏಪ್ರಿಲ್ ಬಿಸಿಲಿನಲ್ಲಿ ಶೀಟಿನ ಮನೆಯಲ್ಲಿ ಕೂತು, ಚಾರ್ಜರ್ ಸಿಕ್ಕಿಸಿಕೊಂಡೇ ಆಡುವ ಹುಡುಗರಿದ್ದಾರೆ. ಅವರ ಊದಿದ ಬ್ಯಾಟರಿಗಳು ನನ್ನ ಬಳಿಗೆ ಬರುತ್ತವೆ.

ಇದರಲ್ಲಿ ನನಗೆ ಅರ್ಥವೇ ಆಗದ್ದೊಂದಿದೆ. ಮ್ಯಾಚ್ ಶುರುವಾಗುವ ಮೊದಲಿನ ಲಾಬಿಯಲ್ಲಿ ಪಾತ್ರ ಸುಮ್ಮನೆ ನಿಂತಿರುತ್ತದೆ. ಹಿಂದೆ ಮಂಜು, ಬೆಳಕು, ಕುಣಿಯುವ ಜಾಹೀರಾತು. ಗೆಳೆಯರು ಬರಲಿ ಎಂದು ನಾವು ಅಲ್ಲಿ ಕಾಯುತ್ತೇವೆ, ಅಷ್ಟೂ ಹೊತ್ತು ಫೋನು ಪೂರ್ತಿ ಶಕ್ತಿಯಲ್ಲಿ ಓಡುತ್ತಿರುತ್ತದೆ. ಆಟ ಶುರುವಾಗುವ ಮೊದಲೇ ಫೋನಿನ ಬೆನ್ನು ಕಾದಿರುತ್ತದೆ. ಲಾಬಿಯಲ್ಲಿ ಫ್ರೇಮ್ ಇಳಿಸಿ. ಸ್ಥಿರ ಚಿತ್ರವೊಂದನ್ನು ಆರಿಸಿಕೊಳ್ಳುವ ಅವಕಾಶ ಕೊಡಿ. 'ಬ್ಯಾಟರಿ ಉಳಿಸು' ಎಂಬ ಒಂದು ಗುಂಡಿಯಲ್ಲಿ ನೆರಳು, ಹುಲ್ಲು, ಫ್ರೇಮ್ ಮೂರೂ ಇಳಿಯುವಂತಿರಲಿ. ಹತ್ತು ಸೆಟ್ಟಿಂಗ್ ಹುಡುಕಿ ಬದಲಿಸುವುದು ಹೊಸಬರಿಗೆ ತಿಳಿಯುವುದಿಲ್ಲ.

ಲೋಡಿಂಗ್ ಬಗ್ಗೆ ಒಂದು ನಿಜಸಂಗತಿ ನೆನಪಿಸುತ್ತೇನೆ. ಜಿಟಿಎ ಆನ್‌ಲೈನ್ ಪಿಸಿಯಲ್ಲಿ ತೆರೆಯಲು ಹಲವು ನಿಮಿಷಗಳು ಹಿಡಿಯುತ್ತಿದ್ದವು, ವರ್ಷಗಟ್ಟಲೆ ಹೀಗೇ ನಡೆದಿತ್ತು. ಎಲ್ಲರೂ ಅದು ದೊಡ್ಡ ಗೇಮು, ಹಾಗೇ ಇರುತ್ತದೆ ಎಂದುಕೊಂಡಿದ್ದರು. 2021ರ ಶುರುವಿನಲ್ಲಿ ಒಬ್ಬ ಆಟಗಾರ ಸೋರ್ಸ್ ಕೋಡ್ ಇಲ್ಲದೆಯೇ ಒಳಹೊಕ್ಕು ನೋಡಿದ. ಅಂಗಡಿಯ ಸಾಮಾನುಗಳ ಪಟ್ಟಿ ಇರುವ ಸುಮಾರು 10 ಎಂಬಿಯ ಒಂದು ಫೈಲನ್ನು ಗೇಮು ತೀರಾ ದಡ್ಡ ರೀತಿಯಲ್ಲಿ ಓದುತ್ತಿತ್ತು, ಪ್ರತಿ ಸಲವೂ ಮೊದಲಿಂದ ಕೊನೆಯವರೆಗೆ ಅಕ್ಷರ ಎಣಿಸುತ್ತಿತ್ತು. ಅದನ್ನು ಸರಿಪಡಿಸಿದಾಗ ಲೋಡಿಂಗ್ ಹೊತ್ತು ಸುಮಾರು 70 ಪ್ರತಿಶತ ಇಳಿಯಿತು. ಕಂಪನಿ ಅದನ್ನು ಒಪ್ಪಿ ಅವನಿಗೆ 10,000 ಡಾಲರ್ ಬಹುಮಾನ ಕೊಟ್ಟು, ಮಾರ್ಚ್‌ನಲ್ಲಿ ಅಪ್‌ಡೇಟ್ ಬಿಟ್ಟಿತು. ಒಪ್ಪಿಕೊಂಡದ್ದು ದೊಡ್ಡ ಗುಣ. ಆಟಗಾರರ ದೂರನ್ನು ಓದುವ, ಕಂಡುಹಿಡಿದವರಿಗೆ ಉತ್ತರ ಕೊಡುವ ಒಬ್ಬ ಮನುಷ್ಯ ನಿಮ್ಮಲ್ಲೂ ಇರಲಿ. ನಾನು ಒಂದು ಗೇಮಿನವರಿಗೆ, ಯಾವ ಚಿಪ್ಪಿನ ಫೋನಿನಲ್ಲಿ ಯಾವ ಮ್ಯಾಪ್ ತೆರೆದಾಗ ಕ್ರ್ಯಾಶ್ ಆಗುತ್ತದೆ ಎಂದು ಸ್ಕ್ರೀನ್‌ಶಾಟ್ ಸಮೇತ ಬರೆದಿದ್ದೆ. 'ಆಪ್ ಅಳಿಸಿ ಮತ್ತೆ ಹಾಕಿಕೊಳ್ಳಿ' ಎಂಬ ಯಂತ್ರದ ಉತ್ತರ ಬಂತು. ಅಳಿಸಿ ಮತ್ತೆ ಹಾಕಿಕೊಳ್ಳುವುದೆಂದರೆ ನಮ್ಮ ಎರಡು ದಿನದ ನೆಟ್ ಎಂಬುದು ಆ ಉತ್ತರ ಬರೆದವರಿಗೆ ತಿಳಿದಿರಲಿಕ್ಕಿಲ್ಲ.

ಈಗ ನೆಟ್ಟಿನ ಮಾತು. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ತುಮಕೂರಿನಿಂದ, ಕೆಲವು ಗೇಮುಗಳ ಸರ್ವರ್ ಇರುವ ಸಿಂಗಾಪುರ ನೇರ ಗೆರೆಯಲ್ಲೇ 3,000 ಕಿಲೋಮೀಟರಿಗಿಂತ ದೂರ. ಹೋಗಿ ಬರಲು ಬೆಳಕಿಗೇ 30 ಮಿಲಿಸೆಕೆಂಡಿಗಿಂತ ಹೆಚ್ಚು ಬೇಕು, ಸಮುದ್ರದಡಿಯ ಕೇಬಲ್ ನೇರವಾಗಿ ಬರುವುದೂ ಇಲ್ಲ. ಮುಂಬೈ 800 ಕಿಲೋಮೀಟರಿನೊಳಗಿದೆ, ಅಲ್ಲಿಗೆ ಹೋಗಿ ಬರಲು ಲೆಕ್ಕದ ಪ್ರಕಾರ 8 ಮಿಲಿಸೆಕೆಂಡು ಸಾಕು. ಸರ್ವರ್ ಬಾಡಿಗೆಗೆ ಕೊಡುವ ಅಮೆಜಾನ್ ಕ್ಲೌಡ್‌ನ ಮುಂಬೈ ಕೇಂದ್ರ 2016ರಲ್ಲೇ ಶುರುವಾಗಿದೆ, ಹೈದರಾಬಾದಿನದು 2022ರಲ್ಲಿ. ಇಷ್ಟಾದ ಮೇಲೂ ಭಾರತದಲ್ಲಿ ಇಷ್ಟೊಂದು ಜನ ಆಡುವ ಗೇಮಿಗೆ ಸಿಂಗಾಪುರದ ಸರ್ವರ್ ಯಾಕೆ? ಎದುರಾಳಿ ಮೊದಲು ಗುಂಡು ಹಾರಿಸಿದ್ದಕ್ಕೆ ನಾನು ಸತ್ತರೆ ಬೇಸರವಿಲ್ಲ. ನಾನು ಗೋಡೆಯ ಹಿಂದೆ ಹೋಗಿ ನಿಂತ ಮೇಲೆ ಸಾಯುವುದು ಬೇಸರ.

ಅದಕ್ಕಿಂತ ಕೆಟ್ಟದ್ದು ದಂಡ. ರ‍್ಯಾಂಕ್ ಮ್ಯಾಚ್ ನಡೆಯುತ್ತಿರುವಾಗ ಕರೆಂಟ್ ಹೋಗುತ್ತದೆ, ವೈಫೈ ಸತ್ತುಹೋಗುತ್ತದೆ, ಮೊಬೈಲ್ ಡೇಟಾಗೆ ಬದಲಾಗುವಷ್ಟರಲ್ಲಿ ಗೇಮು ನಮ್ಮನ್ನು ಹೊರಹಾಕಿರುತ್ತದೆ. ಆಮೇಲೆ 'ನೀವು ಮ್ಯಾಚ್ ಬಿಟ್ಟು ಓಡಿದಿರಿ' ಎಂದು ಅಂಕ ಕಳೆದು, ಇಷ್ಟು ಹೊತ್ತು ಆಡುವಂತಿಲ್ಲ ಎಂದು ಕೂರಿಸುತ್ತದೆ. ಬೇಕೆಂದೇ ಬಿಟ್ಟು ಹೋದವನಿಗೂ ಸಂಪರ್ಕ ಕಡಿದುಹೋದವನಿಗೂ ಇರುವ ವ್ಯತ್ಯಾಸ ನಿಮ್ಮ ಸರ್ವರ್‌ಗೆ ತಿಳಿಯುವುದು ಕಷ್ಟವಲ್ಲ. ಒಬ್ಬ 'ಹೊರಗೆ ಹೋಗು' ಗುಂಡಿ ಒತ್ತಿರುತ್ತಾನೆ, ಇನ್ನೊಬ್ಬನ ಸಂದೇಶ ಥಟ್ಟನೆ ನಿಂತಿರುತ್ತದೆ. ಎರಡನೆಯವನು ಮತ್ತೆ ಬಂದು ಸೇರಲು ಎರಡು ನಿಮಿಷ ಕೊಡಿ. ಪಾವಗಡದಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಇರುವ ಜಿಲ್ಲೆ ನಮ್ಮದು, ಆದರೂ ಸಂಜೆ ಕರೆಂಟ್ ಹೋಗುವುದು ತಪ್ಪಿಲ್ಲ. ಅದರ ಶಿಕ್ಷೆ ಆಡುವ ಹುಡುಗನಿಗೆ ಬೇಡ.

ಒಬ್ಬರೇ ಆಡುವ ಗೇಮುಗಳೂ ಈಗ ನೆಟ್ ಕೇಳುತ್ತವೆ. ಚಿಕ್ಕನಾಯಕನಹಳ್ಳಿ ಕಡೆಯ ಒಂದು ತೋಟದ ಮನೆಯಲ್ಲಿ ಕೂತು ಕಾರ್ ರೇಸ್ ಆಡುವವನಿಗೆ ಸಿಗ್ನಲ್ ಯಾಕೆ ಬೇಕು? ಆಫ್‌ಲೈನ್ ಬಿಡಿ.

ಕನ್ನಡದ ವಿಷಯಕ್ಕೆ ಬರುತ್ತೇನೆ. ನನಗೆ ಇದೇ ಎಲ್ಲಕ್ಕಿಂತ ಹತ್ತಿರದ್ದು.

2011ರ ಜನಗಣತಿಯಲ್ಲಿ ಕನ್ನಡ ತಮ್ಮ ತಾಯ್ನುಡಿ ಎಂದವರು ಸುಮಾರು 4.37 ಕೋಟಿ ಜನ. ಸ್ವೀಡಿಷ್ ಆಡುವವರು ಸುಮಾರು ಒಂದು ಕೋಟಿ, ಫಿನ್ನಿಷ್ ಆಡುವವರು ಅದಕ್ಕೂ ಕಡಿಮೆ. ಆ ಭಾಷೆಗಳಲ್ಲಿ ಗೇಮುಗಳು ಬರುತ್ತವೆ, ಬರಲಿ, ಅವರಿಗೂ ಹಕ್ಕಿದೆ. ಭಾರತಕ್ಕೆಂದು ಬರುವಾಗ ಹೆಚ್ಚಿನವರು ಹಿಂದಿಯಲ್ಲಿ ನಿಂತುಬಿಡುತ್ತಾರೆ. ಪೊಕೆಮಾನ್ ಗೋ 2023ರಲ್ಲಿ ಹಿಂದಿಗೆ ಬಂದಾಗ ನಮ್ಮ ಹುಡುಗರು ಮುಂದಿನದು ಯಾವುದು ಎಂದು ಕಾದರು. ಇಂಗ್ಲಿಷ್ ಓದಲು ತಡವರಿಸುವ ಹುಡುಗ ನಿಮ್ಮ ಗೇಮಿನ ಕಥೆಯನ್ನು ಓದುವುದೇ ಇಲ್ಲ, 'ಸ್ಕಿಪ್' ಒತ್ತಿ ಮುಂದೆ ಹೋಗುತ್ತಾನೆ. ನೀವು ವರ್ಷಗಟ್ಟಲೆ ಕೂತು ಬರೆದ ಕಥೆ ಅವನಿಗೆ ತಲುಪಲೇ ಇಲ್ಲ. ಅದು ನಿಮಗೂ ನಷ್ಟ.

ಆಗದ ಕೆಲಸವೇನಲ್ಲ ಇದು. ಮೈನ್‌ಕ್ರಾಫ್ಟ್‌ನ ಜಾವಾ ಆವೃತ್ತಿಯ ಭಾಷೆಗಳ ಪಟ್ಟಿ ತೆರೆದು ನೋಡಿ, ಅಲ್ಲಿ ಕನ್ನಡ ಇದೆ. ಆಟಗಾರರೇ ಸೇರಿ ಅನುವಾದಿಸಲು ಆ ಗೇಮಿನವರು ದಾರಿ ಬಿಟ್ಟಿದ್ದಾರೆ. ದಾರಿ ಬಿಟ್ಟರೆ ಮಾಡುವವರು ಇದ್ದಾರೆ.

ಆದರೆ ಅನುವಾದಕ್ಕಿಂತ ಮೊದಲು ಅಕ್ಷರ ಸರಿಯಾಗಿ ಮೂಡಬೇಕು. ಕನ್ನಡ, ಜಗತ್ತಿನ ಲಿಪಿಗಳಿಗೆಲ್ಲ ಕಂಪ್ಯೂಟರ್ ಸಂಕೇತ ಕೊಡುವ ಯೂನಿಕೋಡ್‌ಗೆ ಬಂದದ್ದು 1991ರಲ್ಲಿ, ಅದರ ಮೊದಲ ಆವೃತ್ತಿಯಲ್ಲೇ. ಇಷ್ಟು ವರ್ಷಗಳಾದ ಮೇಲೂ ಹೆಸರಿನ ಜಾಗದಲ್ಲಿ ಕನ್ನಡದಲ್ಲಿ ಬರೆದರೆ ಕೆಲವು ಗೇಮುಗಳು ಖಾಲಿ ಚೌಕ ತೋರಿಸುತ್ತವೆ, ಕೆಲವು 'ಈ ಅಕ್ಷರ ಬಳಸುವಂತಿಲ್ಲ' ಎನ್ನುತ್ತವೆ. ಇನ್ನು ಕೆಲವು ಒಪ್ಪಿಕೊಂಡು, ಒತ್ತಕ್ಷರಗಳನ್ನು ಬಿಡಿಬಿಡಿಯಾಗಿ ನಿಲ್ಲಿಸುತ್ತವೆ. 'ಗುಬ್ಬಿ' ಎಂದು ಬರೆದರೆ 'ಗುಬ್‌ಬಿ' ಎಂದು, 'ಅಮ್ಮ' ಎಂದರೆ 'ಅಮ್‌ಮ' ಎಂದು ಕಾಣುತ್ತದೆ. ಕಾರಣ ಸರಳ. ಕನ್ನಡದ ಅಕ್ಷರಗಳು ಒಂದರ ಪಕ್ಕ ಒಂದು ಜೋಡಿಸಿದರೆ ಆಗುವುದಿಲ್ಲ, ಪಕ್ಕದ ಅಕ್ಷರ ನೋಡಿ ರೂಪ ಬದಲಿಸಿಕೊಳ್ಳುತ್ತವೆ, ಒತ್ತು ಕೆಳಗೆ ಇಳಿಯುತ್ತದೆ, ಅರ್ಕಾವತ್ತು ಅಕ್ಷರದ ಬಲಕ್ಕೆ ಹೋಗುತ್ತದೆ. ಆ ಕೆಲಸಕ್ಕೆ ಶೇಪಿಂಗ್ ಎನ್ನುತ್ತಾರೆ. ಯೂನಿಟಿ ಎಂಬ ಗೇಮ್ ಕಟ್ಟುವ ಎಂಜಿನ್‌ನಲ್ಲಿ ಅಕ್ಷರ ಮೂಡಿಸಲು ಬಹಳ ಜನ ಬಳಸುವ ಟೆಕ್ಸ್ಟ್‌ಮೆಶ್ ಪ್ರೊ ಈ ಕೆಲಸವನ್ನು ತಾನಾಗಿ ಮಾಡುವುದಿಲ್ಲ. ಆದರೆ ಹಾರ್ಫ್‌ಬಝ್ ಎಂಬ ಮುಕ್ತ ತಂತ್ರಾಂಶ ಮಾಡುತ್ತದೆ. ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್ ಎಲ್ಲದರೊಳಗೂ ಇರುವುದು ಅದೇ. 2023ರ ಮಾರ್ಚ್‌ನಲ್ಲಿ ಬಂದ ಗೊಡಾಟ್ 4 ಎಂಬ ಉಚಿತ ಎಂಜಿನ್ ಅದನ್ನು ಒಳಗೇ ಇಟ್ಟುಕೊಂಡಿದೆ. ಅಂದರೆ ಕಾಲೇಜು ಹುಡುಗರು ಕೈಯಲ್ಲಿ ಕಾಸಿಲ್ಲದೆ ಮಾಡುವ ಗೇಮಿನಲ್ಲಿ ಕನ್ನಡ ಸರಿಯಾಗಿ ಮೂಡಬಲ್ಲದು, ಕೋಟಿಗಟ್ಟಲೆ ಸುರಿದು ಮಾಡುವ ನಿಮ್ಮ ಗೇಮಿನಲ್ಲಿ ಮೂಡುವುದಿಲ್ಲ. ಇದನ್ನು ನಾನು ಒಪ್ಪಲಾರೆ.

ಫಾಂಟಿನ ಚಿಂತೆಯೂ ಬೇಡ. ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ ಮುಂತಾದವು ಯಾರು ಬೇಕಾದರೂ ಬಳಸಬಹುದಾದ ಪರವಾನಗಿಯಲ್ಲಿ ಸಿಗುತ್ತವೆ. ಒತ್ತಕ್ಷರ ಕೆಳಗೆ ಇಳಿಯುವುದರಿಂದ ಸಾಲಿನ ಎತ್ತರ ಸ್ವಲ್ಪ ಹೆಚ್ಚಿಡಿ, ಇಲ್ಲದಿದ್ದರೆ ಬಾಲ ಕತ್ತರಿಸಿಹೋಗುತ್ತದೆ. ಗುಂಡಿಗಳನ್ನು ಅಗಲ ಮಾಡಿ, ನಮ್ಮ ಪದಗಳು ಉದ್ದ.

ಇನ್ನೊಂದು ಸೂಕ್ಷ್ಮ. ನಿಮ್ಮ ಗೇಮುಗಳು ವಾಕ್ಯವನ್ನು ತುಂಡು ತುಂಡಾಗಿ ಜೋಡಿಸುತ್ತವೆ. ಒಬ್ಬನ ಹೆಸರು, ನಡುವೆ ಒಂದು ಕ್ರಿಯಾಪದ, ಇನ್ನೊಬ್ಬನ ಹೆಸರು. ಕನ್ನಡದಲ್ಲಿ ಹೆಸರಿಗೆ ಪ್ರತ್ಯಯ ಹತ್ತುತ್ತದೆ. ರವಿಯಾದರೆ 'ರವಿಯನ್ನು', ಮಧು ಆದರೆ 'ಮಧುವನ್ನು'. ಕೊನೆಯಲ್ಲಿ ಹೊಡೆದನೋ ಹೊಡೆದಳೋ ಎಂಬುದೂ ತಿಳಿದಿರಬೇಕು. ಇದನ್ನು ಯಂತ್ರಕ್ಕೆ ಬಿಟ್ಟರೆ ನಮ್ಮ ಕಿವಿಗೆ ಕಲ್ಲು ಬಿದ್ದ ಹಾಗೆ ಕೇಳುತ್ತದೆ. ವಾಕ್ಯವನ್ನೇ ಬೇರೆ ಥರ ಕಟ್ಟಿ: 'ಹೊಡೆದವರು' ಎಂದು ಒಂದು ಕಡೆ, 'ಬಿದ್ದವರು' ಎಂದು ಇನ್ನೊಂದು ಕಡೆ ಹೆಸರು ತೋರಿಸಿದರೆ ಸಾಕು, ಪ್ರತ್ಯಯದ ಗೋಜಿಲ್ಲ. ಮೊದಲ ದಿನದಿಂದ ಒಬ್ಬ ಕನ್ನಡಿಗ ನಿಮ್ಮ ತಂಡದಲ್ಲಿ ಕೂತಿದ್ದರೆ ಇಂಥವು ತಾವಾಗಿ ಸರಿಹೋಗುತ್ತವೆ. ಅನುವಾದ ಕೊನೆಯ ವಾರದ ಕೆಲಸ ಅಲ್ಲ.

ಚಾಟ್‌ನ ಮಾತೂ ಇಲ್ಲೇ ಹೇಳಿಬಿಡುತ್ತೇನೆ. ಕನ್ನಡದ ಅಸಹ್ಯ ಬೈಗುಳಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ನಿಮ್ಮ ಫಿಲ್ಟರ್‌ಗೆ ಏನೂ ಗೊತ್ತಾಗುವುದಿಲ್ಲ, ಸಲೀಸಾಗಿ ದಾಟಿಹೋಗುತ್ತವೆ. ವಾಯ್ಸ್ ಚಾಟ್‌ನಲ್ಲಿ ಹೆಣ್ಣುಮಗಳ ದನಿ ಕೇಳಿದ ಕೂಡಲೇ ಶುರುವಾಗುವ ಮಾತುಗಳನ್ನು ಇಲ್ಲಿ ಬರೆಯಲಾರೆ. ನಮ್ಮ ಸ್ಕ್ವಾಡ್‌ನಲ್ಲಿ ಚೆನ್ನಾಗಿ ಆಡುವ ಹುಡುಗಿಯೊಬ್ಬಳು ಮೈಕ್ ಆಫ್ ಮಾಡಿಕೊಂಡೇ ಆಡುತ್ತಾಳೆ, ಹೆಸರನ್ನೂ ಗಂಡಸಿನ ಹೆಸರಿಟ್ಟುಕೊಂಡಿದ್ದಾಳೆ. ಅವಳು ರಿಪೋರ್ಟ್ ಮಾಡಿದ್ದಕ್ಕೆ ಏನಾಯಿತು ಎಂದು ಯಾರೂ ಅವಳಿಗೆ ತಿಳಿಸಲಿಲ್ಲ. ಕನ್ನಡ ಬಲ್ಲವರನ್ನು ಈ ಕೆಲಸಕ್ಕೆ ಸಂಬಳ ಕೊಟ್ಟು ಇಟ್ಟುಕೊಳ್ಳಿ. ರಿಪೋರ್ಟ್ ಮಾಡಿದವರಿಗೆ ಏನು ಕ್ರಮ ಆಯಿತು ಎಂದು ಒಂದು ಸಾಲು ಉತ್ತರ ಹೋಗಲಿ. ಏಮ್ ಹ್ಯಾಕ್, ಅಂದರೆ ಗುರಿಯನ್ನು ತಾನೇ ಹಿಡಿಯುವ ಕಳ್ಳ ತಂತ್ರಾಂಶ, ಹಾಕಿಕೊಂಡು ಆಡುವವರ ಮೇಲಿನ ದೂರಿಗೂ ಇದೇ ಮಾತು ಅನ್ವಯಿಸುತ್ತದೆ.

ದುಡ್ಡಿನ ವಿಷಯ ಬರೆಯುವಾಗ ನನಗೆ ಸಿಟ್ಟು ಬರುತ್ತದೆ, ಕ್ಷಮಿಸಿ. ಅಪ್ಪನ ಫೋನಿನಲ್ಲಿ ಆಡುವ ಮಕ್ಕಳು ನಮ್ಮಲ್ಲಿ ಬಹಳ. ಅದೇ ಫೋನಿನಲ್ಲಿ ಯುಪಿಐ ಇರುತ್ತದೆ, ಅದರ ಪಿನ್ ಮಗನಿಗೂ ಗೊತ್ತಿರುತ್ತದೆ. ಅಂಗಡಿಗೆ ಬಂದು 'ಈ ದುಡ್ಡು ಎಲ್ಲಿಗೆ ಹೋಯ್ತು ನೋಡಪ್ಪ' ಎಂದು ಫೋನ್ ಕೊಟ್ಟವರಿದ್ದಾರೆ. ನೋಡಿದರೆ ಸಣ್ಣ ಸಣ್ಣ ಮೊತ್ತ, ಒಂದರ ಹಿಂದೆ ಒಂದು, ಎಲ್ಲ ಕ್ರೇಟ್, ಅಂದರೆ ಒಳಗೆ ಏನಿದೆ ಎಂದು ಮೊದಲೇ ತಿಳಿಯದ ಪೆಟ್ಟಿಗೆ, ತೆರೆಯಲು ಹೋದದ್ದು. ಬೇಕಾದ ಸ್ಕಿನ್ ಬಂದಿಲ್ಲ. ಆ ಮನುಷ್ಯ ದಿನಗೂಲಿಯವರು. ಅವರಿಗೆ ನಾನು ಏನು ಹೇಳಲಿ?

ನಿಮ್ಮ ಅಂಗಡಿಯಲ್ಲಿ ಬೆಲೆ ರೂಪಾಯಿಯಲ್ಲಿ ಇರುವುದಿಲ್ಲ. ಡೈಮಂಡ್, ಯುಸಿ, ಕಾಯಿನ್ ಎಂಬ ಗೇಮಿನೊಳಗಿನ ನಾಣ್ಯಗಳಲ್ಲಿ ಇರುತ್ತದೆ. ಕೊಳ್ಳುವ ಪ್ಯಾಕ್‌ಗೂ ಸಾಮಾನಿನ ಬೆಲೆಗೂ ತಾಳೆಯಾಗದ ಹಾಗೆ ಲೆಕ್ಕ ಇಡುತ್ತೀರಿ, ಯಾವಾಗಲೂ ಚೂರು ಉಳಿಯುತ್ತದೆ ಇಲ್ಲವೇ ಚೂರು ಸಾಲದೆ ಬರುತ್ತದೆ. ಪಕ್ಕದಲ್ಲಿ 'ಇನ್ನು ಇಷ್ಟೇ ನಿಮಿಷ' ಎಂದು ಗಡಿಯಾರ ಓಡುತ್ತದೆ, ನಾಳೆ ಅದೇ ಆಫರ್ ಮತ್ತೆ ಇರುತ್ತದೆ. ನಮ್ಮ ದೇಶದಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಇಂಥ ವಂಚಕ ವಿನ್ಯಾಸಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿದೆ. ಅದರಲ್ಲಿ ಹೆಸರಿಸಿರುವ 13 ಬಗೆಗಳಲ್ಲಿ ಮೊದಲನೆಯದೇ ಸುಳ್ಳು ಅವಸರ ಹುಟ್ಟಿಸುವುದು. ಬೆಲ್ಜಿಯಂ 2018ರಲ್ಲೇ ದುಡ್ಡು ಕೊಟ್ಟು ತೆರೆಯುವ, ಕ್ರೇಟಿನಂಥದೇ ಆದ ಲೂಟ್ ಬಾಕ್ಸ್‌ಗಳನ್ನು ಜೂಜು ಎಂದಿತು. ಚೀನಾ 2017ರಿಂದ ಯಾವ ಸಾಮಾನು ಸಿಗುವ ಸಾಧ್ಯತೆ ಎಷ್ಟು ಎಂದು ತೋರಿಸುವುದನ್ನು ಕಡ್ಡಾಯ ಮಾಡಿತು. ಅಮೆರಿಕದಲ್ಲಿ 2022ರ ಡಿಸೆಂಬರಿನಲ್ಲಿ ಫೋರ್ಟ್‌ನೈಟ್ ತಯಾರಿಸಿದ ಎಪಿಕ್ ಗೇಮ್ಸ್ ಒಟ್ಟು 52 ಕೋಟಿ ಡಾಲರ್ ಕೊಡಲು ಒಪ್ಪಿತು. ಅದರಲ್ಲಿ 24.5 ಕೋಟಿ ಡಾಲರ್, ಬೇಡದ ಖರೀದಿಗೆ ದೂಡುವಂಥ ಗುಂಡಿಗಳ ಕಾರಣಕ್ಕೆ ಆಟಗಾರರಿಗೆ ಮರಳಿಸಬೇಕಾದ ಹಣ.

ಕಳೆದ 2025ರ ಆಗಸ್ಟ್‌ನಲ್ಲಿ ನಮ್ಮ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆ ಮಾಡಿತು. ಹಣ ಕಟ್ಟಿ ಹಣ ಗೆಲ್ಲುವ ಆಟಗಳನ್ನು ನಿಷೇಧಿಸಿ, ಸ್ಪರ್ಧೆಯಾಗಿ ಆಡುವ ಇ-ಸ್ಪೋರ್ಟ್ಸ್ ಅನ್ನು ಬೇರೆಯಾಗಿಟ್ಟು ಮಾನ್ಯತೆ ಕೊಟ್ಟಿತು. ರಮ್ಮಿ ಆಪ್‌ಗಳಿಂದ ಮನೆ ಹಾಳಾದವರನ್ನು ಕಂಡ ನನಗೆ ಅದು ಸರಿ ಅನ್ನಿಸಿತು. ಕಾನೂನು ನಿಮ್ಮನ್ನು ಜೂಜಿನವರಿಂದ ಬೇರ್ಪಡಿಸಿ ಗೌರವ ಕೊಟ್ಟಿದೆ. ಕ್ರೇಟ್ ಮಾರಿ ಅವರ ದಾರಿ ಹಿಡಿಯಬೇಡಿ. ಸ್ಕಿನ್ ಮಾರಿ, ಬೇಡ ಎನ್ನುವುದಿಲ್ಲ, ನಾನೂ ಕೊಂಡಿದ್ದೇನೆ. ಇದು ಇಷ್ಟು ರೂಪಾಯಿ ಎಂದು ಬರೆದು ನೇರವಾಗಿ ಮಾರಿ. ತಿಂಗಳಿಗೆ ಇಷ್ಟಕ್ಕಿಂತ ಹೆಚ್ಚು ಖರ್ಚಾಗಬಾರದು ಎಂದು ತಂದೆ ತಾಯಿ ಬೇರೆ ಪಿನ್ ಹಾಕಿ ಬೀಗ ಹಾಕುವಂತಿರಲಿ, ಆ ಬೀಗದ ಪುಟ ಕನ್ನಡದಲ್ಲಿರಲಿ. ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆಯ 2023ರ ಕಾಯ್ದೆ 18 ವರ್ಷದೊಳಗಿನವರನ್ನು ಮಕ್ಕಳೆಂದೇ ಕರೆದು, ಅವರ ವಿವರ ಪಡೆಯಲು ಪೋಷಕರ ಒಪ್ಪಿಗೆ ಬೇಕು ಎನ್ನುತ್ತದೆ. 'ನನಗೆ 18 ತುಂಬಿದೆ' ಎಂಬ ಚೌಕದಲ್ಲಿ ಟಿಕ್ ಹಾಕಿಸಿಕೊಂಡರೆ ಅದು ಒಪ್ಪಿಗೆ ಆಗುವುದಿಲ್ಲ.

ಮಕ್ಕಳ ಮಾತು ಬಂದದ್ದರಿಂದ ಪರೀಕ್ಷೆಯದ್ದನ್ನೂ ಹೇಳುತ್ತೇನೆ. ಮಾರ್ಚ್, ಏಪ್ರಿಲ್ ಬಂತೆಂದರೆ ನಮ್ಮಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆ. ದಿನವೂ ಲಾಗಿನ್ ಆಗದಿದ್ದರೆ ಸರಣಿ ಮುರಿಯುತ್ತದೆ, ಬಹುಮಾನ ಹೋಗುತ್ತದೆ, ದುಡ್ಡು ಕೊಟ್ಟು ತೆಗೆದುಕೊಂಡ ಪಾಸ್ ಸೀಸನ್ ಮುಗಿದ ಕೂಡಲೇ ವ್ಯರ್ಥವಾಗುತ್ತದೆ. ಓದುವ ಹುಡುಗನನ್ನು ದಿನಾ ರಾತ್ರಿ ಎಳೆಯುವ ಹಗ್ಗ ಅದು. 'ಒಂದು ತಿಂಗಳು ನಿಲ್ಲಿಸು' ಎಂಬ ಗುಂಡಿ ಕೊಡಿ. ಸರಣಿ ಹಾಗೇ ಇರಲಿ, ಪಾಸ್‌ನ ದಿನಗಳು ಹಾಗೇ ಉಳಿಯಲಿ, ನೋಟಿಫಿಕೇಶನ್ ಬಾರದಿರಲಿ. ಪರೀಕ್ಷೆ ಮುಗಿಸಿ ಅವನು ಬಂದೇ ಬರುತ್ತಾನೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಗೇಮ್ ಚಟದಿಂದ ಬಳಲುವವರಿಗಾಗಿ 2014ರಿಂದಲೇ ಒಂದು ಕ್ಲಿನಿಕ್ ನಡೆಯುತ್ತಿದೆ. ಗೇಮಿಂಗ್ ಡಿಸಾರ್ಡರ್ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ 2022ರಿಂದ ಜಾರಿಯಲ್ಲಿದೆ. ಆಡುವವರೆಲ್ಲ ರೋಗಿಗಳಲ್ಲ, ನಾನು ಆ ಮಾತನ್ನು ಯಾರ ಮುಂದೆಯೂ ವಾದಿಸುತ್ತೇನೆ. ಆದರೆ ಬಿಡಲಾಗದವನನ್ನು ಗುರುತಿಸುವ ಅಂಕಿಅಂಶ ನಿಮ್ಮ ಸರ್ವರಿನಲ್ಲೇ ಇದೆ. ಅವನಿಗೆ ಆಫರ್ ಕಳಿಸುವ ಬದಲು ವಿರಾಮ ಕೊಡಿ.

ಒಂದು ಕೈ ಮಾತ್ರ ಬಳಸಬಲ್ಲ ಗಿರಾಕಿಯೊಬ್ಬರು ನನಗಿದ್ದಾರೆ. ಅವರಿಗೆ ಗೇಮ್ ಇಷ್ಟ, ಗುಂಡಿಗಳೆಲ್ಲ ಎರಡು ಹೆಬ್ಬೆರಳಿಗೆ ಹಂಚಿರುತ್ತವೆ. ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2 ಗೇಮು 2020ರಲ್ಲೇ 60ಕ್ಕೂ ಹೆಚ್ಚು ಇಂಥ ಅನುಕೂಲಗಳೊಂದಿಗೆ ಬಂತು. ಗುಂಡಿಗಳನ್ನು ಬೇಕಾದ ಕಡೆಗೆ ಸರಿಸುವುದು, ಅಕ್ಷರ ದೊಡ್ಡದು ಮಾಡುವುದು, ಕೆಂಪು ಹಸಿರು ಬೇರೆ ಕಾಣದವರಿಗೆ ಬಣ್ಣ ಬದಲಿಸುವುದು, ಇಷ್ಟಾದರೂ ಎಲ್ಲ ಗೇಮಿನಲ್ಲಿ ಇರಲಿ.

ಗೇಮ್ ಮುಚ್ಚುವಾಗಿನ ನಡತೆಯ ಬಗ್ಗೆ ಬರೆಯದೆ ಇರಲಾರೆ. 2020ರ ಸೆಪ್ಟೆಂಬರ್ 2ರಂದು ಪಬ್‌ಜಿ ಮೊಬೈಲ್ ನಿಷೇಧವಾಯಿತು. 2022ರ ಫೆಬ್ರುವರಿಯಲ್ಲಿ ಫ್ರೀ ಫೈರ್. ಅದೇ ವರ್ಷದ ಜುಲೈ ಕೊನೆಗೆ, ಪಬ್‌ಜಿಯ ಭಾರತದ ಆವೃತ್ತಿಯಾದ ಬಿಜಿಎಂಐ ಸ್ಟೋರ್‌ಗಳಿಂದ ಮಾಯವಾಗಿ 2023ರ ಮೇನಲ್ಲಿ ಮರಳಿತು. ಸರ್ಕಾರದ ಆದೇಶ ನಿಮ್ಮ ಕೈಯಲ್ಲಿಲ್ಲ, ಒಪ್ಪುತ್ತೇನೆ. ಆದರೆ ನೀವೇ ನಿರ್ಧರಿಸಿ ಮುಚ್ಚುವುದು ನಿಮ್ಮ ಕೈಯಲ್ಲಿದೆ. ಯೂಬಿಸಾಫ್ಟ್ ತನ್ನ ದಿ ಕ್ರ್ಯೂ ಗೇಮಿನ ಸರ್ವರನ್ನು 2024ರ ಮಾರ್ಚ್ 31ಕ್ಕೆ ನಿಲ್ಲಿಸಿದಾಗ, ದುಡ್ಡು ಕೊಟ್ಟು ಕೊಂಡವರೂ ಒಬ್ಬರೇ ಕೂತು ಆಡಲಾಗದಂತಾಯಿತು. ಅದರಿಂದ ಹುಟ್ಟಿದ, ಕೊಂಡ ಗೇಮನ್ನು ಆಡಲಾಗದಂತೆ ಮಾಡಬಾರದು ಎನ್ನುವ 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಚಳವಳಿಗೆ ಯುರೋಪಿನಲ್ಲಿ 2025ರ ಹೊತ್ತಿಗೆ 10 ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ನಮ್ಮ ಬೇಡಿಕೆಯೂ ಆ ದಾರಿಯದೇ: ಮುಚ್ಚುವ ಆರು ತಿಂಗಳ ಮೊದಲು ಹೇಳಿ, ಆ ದಿನದಿಂದಲೇ ಅಂಗಡಿ ನಿಲ್ಲಿಸಿ, ಹೋಗುವಾಗ ಆಫ್‌ಲೈನ್‌ನಲ್ಲಿ ಆಡುವ ಒಂದು ಆವೃತ್ತಿ ಬಿಟ್ಟುಹೋಗಿ.

ಬೆಂಗಳೂರಿನವರಿಗೆ ಎಂದು ಶುರುವಿನಲ್ಲಿ ಬರೆದೆ, ಕಾರಣವಿದೆ. ನಮ್ಮ ದೇಶದ ಮೊದಲ ಗೇಮ್ ಕಂಪನಿಗಳಲ್ಲಿ ಒಂದಾದ ಧ್ರುವ ಇಂಟರಾಕ್ಟಿವ್ 1997ರಲ್ಲಿ ಶುರುವಾದದ್ದು ಬೆಂಗಳೂರಿನಲ್ಲಿ, 2019ರಲ್ಲಿ ಅದನ್ನು ಕೊಂಡದ್ದು ಜಿಟಿಎ ತಯಾರಿಸುವ ರಾಕ್‌ಸ್ಟಾರ್. ಆನಿಮೇಶನ್, ಗೇಮಿಂಗ್‌ಗಾಗಿ ಕರ್ನಾಟಕ ಸರ್ಕಾರ 2012ರಲ್ಲೇ ನೀತಿ ಮಾಡಿತು, ಈಗ 2024ರಿಂದ 2029ರವರೆಗಿನ ಹೊಸ ನೀತಿ ಇದೆ. ಜಗತ್ತಿನ ದೊಡ್ಡ ಗೇಮುಗಳ ಕೆಲಸ ಕನ್ನಡದ ನೆಲದಲ್ಲಿ ನಡೆಯುತ್ತಿದೆ, ಕನ್ನಡ ಮಾತ್ರ ಅವುಗಳಲ್ಲಿ ಕಾಣುವುದಿಲ್ಲ. ನಿಮ್ಮ ಆಫೀಸಿನಿಂದ ನಮ್ಮೂರು 70 ಕಿಲೋಮೀಟರ್. ಭಾರತದ್ದೆಂದು ನೀವು ಮಾಡುವ ಮ್ಯಾಪಿನಲ್ಲಿ ರಾಜಸ್ಥಾನದ ಕೋಟೆಯೇ ಏಕೆ ಬೇಕು? ಮಧುಗಿರಿಯ ಏಕಶಿಲೆ ಬೆಟ್ಟದ ಕೋಟೆಯನ್ನು ಒಮ್ಮೆ ಹತ್ತಿ ನೋಡಿ. ಆ ಕಡಿದಾದ ಬಂಡೆ, ಒಂದರ ಮೇಲೊಂದು ಬಾಗಿಲು, ಆಟದ ಹಂತಗಳನ್ನು ಕಟ್ಟುವ ಯಾವ ಲೆವೆಲ್ ಡಿಸೈನರ್‌ಗಾದರೂ ಕೈ ತುರಿಸುತ್ತದೆ.

ಹಾಗೆ ಬಂದಾಗ, ಬಿಡುಗಡೆಗೆ ಮೊದಲಿನ ನಿಮ್ಮ ಗೇಮನ್ನು ಇಲ್ಲಿಯ ಫೋನುಗಳಲ್ಲಿ ಪರೀಕ್ಷಿಸಿ. ನಾಲ್ಕು ಜಿಬಿ ರ‍್ಯಾಮಿನವು, ಡಿಸ್‌ಪ್ಲೇ ಬದಲಿಸಿದವು, ಬ್ಯಾಟರಿ ಹಳೆಯದಾದವು ನಮ್ಮಂಥ ಅಂಗಡಿಗಳಲ್ಲಿ ಸಿಗುತ್ತವೆ. ಆಡಿ ತಪ್ಪು ಹುಡುಕಿ ಬರೆದುಕೊಡಲು ಇಂಜಿನಿಯರಿಂಗ್ ಕಾಲೇಜುಗಳ ಹುಡುಗರು ಸಿಗುತ್ತಾರೆ, ಅವರ ಕೆಲಸಕ್ಕೆ ಸರಿಯಾದ ಸಂಬಳ ಕೊಡಿ. ಕನ್ನಡದ ಸಾಲುಗಳ ಫೈಲನ್ನು ಕಳಿಸಿದರೆ ಓದಿ ತಿದ್ದಿಕೊಡಲು ನನ್ನ ಗೆಳೆಯರೂ ನಾನೂ ಸಿದ್ಧ. ಎಲ್ಲವನ್ನೂ ಒಮ್ಮೆಗೇ ಮಾಡಲಾಗದು ಎಂದು ನನಗೆ ಗೊತ್ತು. ಮುಂದಿನ ಅಪ್‌ಡೇಟಿನಲ್ಲಿ ಮೂರು ಮಾಡಿ: ನಿಂತಲ್ಲಿಂದ ಮುಂದುವರಿಯುವ ಡೌನ್‌ಲೋಡ್, ಸಂಪರ್ಕ ಕಡಿದವರಿಗೆ ಎರಡು ನಿಮಿಷ, ಹೆಸರಿನ ಜಾಗದಲ್ಲಿ ಒಡೆಯದ ಕನ್ನಡ.

ಇಂತಿ,
ತುಮಕೂರಿನ ಒಬ್ಬ ಆಟಗಾರ, ಮೊಬೈಲ್ ರಿಪೇರಿ ಕಸುಬಿನವನು